ತಾನುಣ್ಣದ ಅಡಿಗೆ

ತಾನು ತಿನ್ನದ ಪದಾರ್ಥವನ್ನು ಇನ್ನೊಬ್ಬರಿಗಾಗಿ ಕೈಯಾರೆ ಬೇಯಿಸುವುದು ಸರಿಯೇ, ತಪ್ಪೇ? ಈ ಪ್ರಶ್ನೆಯನ್ನು ಪಂಡಿತರ ಮುಂದಿಟ್ಟರೆ ಅವರು ಗ್ರಂಥಗಳನ್ನು ತೆರೆದು ಕೂರಬಹುದು. ನಮ್ಮ ಹೆಂಗಸರ ಮುಂದಿಟ್ಟರೆ ಸೌಟು ತಿರುವುತ್ತಲೇ ನಕ್ಕುಬಿಡುತ್ತಾರೆ. ಸಕ್ಕರೆ ಕಾಯಿಲೆಯವಳು ಯುಗಾದಿಗೆ ನೂರು ಹೋಳಿಗೆ ತಟ್ಟುತ್ತಾಳೆ. ಸಂಕಷ್ಟಿಯ ಉಪವಾಸದವಳು ಮನೆಮಂದಿಗೆಲ್ಲ ತಿಂಡಿ, ಊಟ ಮಾಡಿ ಬಡಿಸಿ ಚಂದ್ರ ಮೂಡುವುದನ್ನು ಕಾಯುತ್ತಾಳೆ. ಮೊಟ್ಟೆಯ ವಾಸನೆಗೇ ಹೊಟ್ಟೆ ತೊಳಸುವವಳು ಮಗನ ಮೈ ತುಂಬಲೆಂದು ದಿನವೂ ಬೆಳಿಗ್ಗೆ ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು ಕೊಡುತ್ತಾಳೆ. ಗಂಡನ ಮನೆಯಲ್ಲಿ ಮೀನು ತಿನ್ನುತ್ತಾರೆಂದು ಮೀನು ಉಜ್ಜುವುದನ್ನು ಕಲಿತು, ತಾವು ಮಾತ್ರ ಜೀವಮಾನವೆಲ್ಲ ಸಾರನ್ನ ಉಂಡವರು ನಮ್ಮ ನಡುವೆ ಎಷ್ಟು ಜನ ಇಲ್ಲ! ಇದನ್ನು ಯಾರೂ ಧರ್ಮಸೂಕ್ಷ್ಮ ಎಂದು ಕರೆದದ್ದಿಲ್ಲ. ಅದು ಅಡಿಗೆ ಕೆಲಸ, ಅಷ್ಟೆ.

ಆದರೂ ಎಲ್ಲರ ಮನೆಯಲ್ಲೂ ಒಂದು ಗೆರೆ ಇರುತ್ತದೆ. ಅದು ಎಲ್ಲಿದೆ ಎಂಬುದು ದಾಟುವ ಹೊತ್ತು ಬಂದಾಗಲೇ ಗೊತ್ತಾಗುವುದು. ಕೋಳಿ, ಕುರಿ, ಮೀನು ತಿನ್ನುವ ಎಷ್ಟೋ ಮನೆಗಳಲ್ಲಿ ಆ ಗೆರೆಯ ಆಚೆ ನಿಂತಿರುವ ಪ್ರಾಣಿ ಹಂದಿ. ನನ್ನ ತವರು ಸೊರಬದ ಕಡೆಯ ಹಳ್ಳಿ. ನಾನು ಚಿಕ್ಕವಳಿದ್ದಾಗ ಕಾಡುಹಂದಿಯ ಪಾಲು ಎಂದಾದರೂ ಬಂದರೆ ಗಂಡಸರು ಹಿತ್ತಲಿನಾಚೆ ಮೂರು ಕಲ್ಲು ಹೂಡಿ ಬೇಯಿಸುತ್ತಿದ್ದರು. ಮಸಾಲೆ ಅರೆದು ಕೊಡುವುದು ಅಮ್ಮನ ಕೆಲಸ. ಒಲೆಯ ಹತ್ತಿರ ಮಾತ್ರ ಅವಳು ಹೋಗುವಂತಿರಲಿಲ್ಲ. ಆ ಪಾತ್ರೆ ವರ್ಷವಿಡೀ ಕೊಟ್ಟಿಗೆಯ ಗೋಡೆಗೆ ತೂಗುತ್ತಿತ್ತು. ಗಂಡಸರು ಕೈ ತೊಳೆದು ಒಳಗೆ ಬಂದರೆ ಮುಗಿಯಿತು. ಅಡಿಗೆಮನೆ ಕೆಡಬಾರದು, ಅದನ್ನು ಕಾಯುವವಳು ಕೆಡಬಾರದು. ತಿಂದವರ ಬಾಯಿಯ ವಿಚಾರ ಯಾರೂ ಎತ್ತುತ್ತಿರಲಿಲ್ಲ.

ನಾನು ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ಈ ಊರಿನ ಹೆಸರಿನಲ್ಲಿಯೇ ಒಂದು ಕತೆಯಿದೆ. ಕೆಳದಿಯ ಅರಸರ ಕಾಲದಲ್ಲಿ ಇದು ಮಹಾದಾನಪುರವಾಗಿತ್ತಂತೆ. ಹೈದರಾಲಿಯದೋ ಟಿಪ್ಪುವಿನದೋ ಕಾಲದಲ್ಲಿ ಇಲ್ಲಿ ಬೇಟೆಗೆ ಬಂದವರಿಗೆ ಹೇರಳವಾಗಿ ಪ್ರಾಣಿಗಳು ಸಿಕ್ಕಿದ್ದರಿಂದ ಶಿಕಾರಿಪುರ ಎಂದಾಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ದಾನದ ಊರು ಬೇಟೆಯ ಊರಾಯಿತು. ಇದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು, ಬಳ್ಳಿಗಾವಿ ಅಲ್ಲಮನ ಊರು. ಶರಣರ ನೆನಪು ಉಸಿರಿನಲ್ಲಿರುವ ಈ ನೆಲದಲ್ಲಿ ಮಾಂಸ ಮುಟ್ಟದ ಮನೆಗಳು ಬೀದಿ ತುಂಬ ಇವೆ. ಮುಸಲ್ಮಾನರ ಮನೆಗಳೂ ಬೇಕಾದಷ್ಟಿವೆ. ಹಾಗಾಗಿ ಒಬ್ಬರಿಗೆ ಅದು ಮಾಂಸವೆಂದು ಬೇಡ, ಇನ್ನೊಬ್ಬರಿಗೆ ಅದು ಹರಾಮ್ ಎಂದು ಬೇಡ, ಮೂರನೆಯವರಿಗೆ ಅದು ಹಂದಿ ಎಂದು ಬೇಡ.

ಇಂಥ ಊರಿಗೆ ನನ್ನ ಮಗಳು ಏಳು ತಿಂಗಳ ಬಸುರಿಯಾಗಿ ಬಾಣಂತನಕ್ಕೆಂದು ವಿರಾಜಪೇಟೆಯಿಂದ ಬಂದಳು. ಅಳಿಯ ಕೊಡವರ ಹುಡುಗ. ಬಂದ ಹದಿನೈದು ದಿನಕ್ಕೆ ಅವಳಿಗೆ ಅನ್ನ ಸೇರದಾಯಿತು. ಏನು ಬೇಕೆಂದು ಕೇಳಿದರೆ ಬಾಯಿ ಬಿಡಲೊಲ್ಲಳು. ಕೊನೆಗೊಂದು ರಾತ್ರಿ ಗೋಡೆಯ ಕಡೆ ಮುಖ ಮಾಡಿಕೊಂಡು, "ಅಮ್ಮ, ಪಂದಿ ಕರಿ ತಿನ್ನಬೇಕು ಅನ್ನಿಸ್ತಿದೆ. ಆದರೆ ಇಲ್ಲಿ ಬೇಡ ಬಿಡು" ಎಂದಳು. ಬಸುರಿಯ ಬಯಕೆ ತೀರಿಸಬೇಕು ಎಂಬುದು ನಮ್ಮಲ್ಲಿ ಶಾಸ್ತ್ರಕ್ಕಿಂತ ದೊಡ್ಡ ಮಾತು. ಹುಣಸೆಕಾಯಿ, ಸುಟ್ಟ ಮಣ್ಣಿನ ಹೆಂಟೆ, ನೆರೆಮನೆಯ ಉಪ್ಪಿನಕಾಯಿ, ಇವುಗಳನ್ನು ಬಯಸಿದರೆ ಊರೇ ತಂದುಕೊಡುತ್ತದೆ. ಹಂದಿಯನ್ನು ಬಯಸಿದರೆ?

ಮೂರು ದಾರಿಗಳಿದ್ದವು. ಆಗುವುದಿಲ್ಲ ಎನ್ನುವುದು ಒಂದು. ಅತ್ತೆಯವರು ಗುಡಿಗೆ ಹೋದ ಹೊತ್ತು ನೋಡಿ ಬಾಗಿಲು ಮುಚ್ಚಿಕೊಂಡು ಬೇಯಿಸಿ, ಊದುಬತ್ತಿ ಹಚ್ಚಿಬಿಡುವುದು ಇನ್ನೊಂದು. ಹೇಳಿಯೇ ಮಾಡುವುದು ಮೂರನೆಯದು. ನಿಜ ಹೇಳಬೇಕೆಂದರೆ ನಮ್ಮ ಪಟ್ಟಣಗಳಲ್ಲಿ ಎರಡನೆಯ ದಾರಿಯೇ ಹೆದ್ದಾರಿ. ಎಷ್ಟು ಮನೆಗಳಲ್ಲಿ ಹೀಗೆ ಮುಚ್ಚಿದ ಬಾಗಿಲ ಹಿಂದೆ ಕುಕ್ಕರ್ ಕೂಗುತ್ತದೆ ಎಂಬುದು ಕೂಗಿಸುವವರಿಗೆ ಗೊತ್ತು. ಯಾರಿಗೂ ನೋವಾಗಲಿಲ್ಲ, ಯಾರ ನಂಬಿಕೆಯೂ ಕೆಡಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ನನಗೆ ಅಡ್ಡ ಬಂದದ್ದು ಎರಡು ಯೋಚನೆಗಳು. ಒಂದು, ತವರಿಗೆ ಬಂದ ಮಗಳು ತನಗೆ ಬೇಕಾದ ತುತ್ತನ್ನು ಕಳ್ಳಿಯ ಹಾಗೆ ತಿನ್ನಬೇಕಾದರೆ ಅದು ತವರು ಹೇಗಾದೀತು? ಇನ್ನೊಂದು, ಅತ್ತೆಯವರು ಆ ಸಂಜೆ ಅದೇ ಮನೆಯಲ್ಲಿ ದೀಪ ಹಚ್ಚುತ್ತಾರೆ. ಗೊತ್ತಿದ್ದರೆ ಅವರು ಏನು ಮಾಡುತ್ತಿದ್ದರೋ ಅದನ್ನು ಮಾಡುವ ಅವಕಾಶವನ್ನು ನಾನು ಅವರಿಂದ ಕಿತ್ತುಕೊಂಡ ಹಾಗೆ ಆಗುತ್ತದೆ.

ಅತ್ತೆಯವರ ವಿಚಾರ ಹೇಳಬೇಕು. ಅವರು ಹುಟ್ಟಿನಿಂದ ಮಾಂಸ ಬಿಟ್ಟವರಲ್ಲ. ಮಾವನವರು ತೀರಿಕೊಂಡ ವರ್ಷ ಬಿಟ್ಟರು. ಶನಿವಾರ ಹುಚ್ಚುರಾಯಸ್ವಾಮಿ ಗುಡಿಗೆ ಹೋಗಿ ಬಂದೇ ಊಟ. ನಾವು ಕೋಳಿ ಮಾಡಿದ ದಿನ ತಮಗೆ ಬೇರೆ ಪಾತ್ರೆಯಲ್ಲಿ ಅನ್ನ ಇಟ್ಟುಕೊಳ್ಳುತ್ತಾರೆ. ನಮ್ಮನ್ನು ಒಂದು ದಿನವೂ ಹೀಗಳೆದವರಲ್ಲ. ನಾನು ಅವರೆದುರು ಕೂತು, "ಅತ್ತೆ, ಹುಡುಗಿ ಹಿಂಗಂತಾಳೆ, ಏನು ಮಾಡೋಣ?" ಎಂದೆ. ಅವರು ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. "ನನ್ನನ್ನ ಕೇಳಿದ್ರೆ ನಾನು ಬೇಡ ಅನ್ಬೇಕಾಗುತ್ತೆ. ಕೇಳ್ಬೇಡ, ಹೇಳು. ಹಿತ್ತಲ ಒಲೆ ಯಾವತ್ತು ಹಚ್ತೀಯ ಅನ್ನೋದು ಹೇಳು. ಅವತ್ತು ನಾನು ಬೆಳಿಗ್ಗೇನೇ ತಂಗಿ ಮನೆಗೆ ಹೋಗಿ ರಾತ್ರಿಗೆ ಬರ್ತೀನಿ" ಎಂದರು.

ಕೇಳುವುದಕ್ಕೂ ಹೇಳುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಇದನ್ನು ಕಣ್ಣುಮುಚ್ಚಾಲೆ ಎನ್ನುವವರು ಇದ್ದಾರು. ನನಗೆ ಹಾಗೆ ಕಾಣುವುದಿಲ್ಲ. ಕೇಳಿದರೆ ಅವರ ವ್ರತ ಉತ್ತರ ಕೊಡಬೇಕು. ಆ ಉತ್ತರ ಮೊಮ್ಮಗಳ ತುತ್ತನ್ನು ತಡೆಯುತ್ತದೆ. ಹೇಳಿದರೆ ಅವರಿಗೆ ಎಲ್ಲ ಗೊತ್ತಿರುತ್ತದೆ, ತಮ್ಮ ವ್ರತವನ್ನು ತಾವು ಕಾಪಾಡಿಕೊಳ್ಳುತ್ತಾರೆ, ಇನ್ನೊಬ್ಬರ ತಟ್ಟೆಯ ಮೇಲೆ ಅದನ್ನು ಹೊರಿಸುವುದಿಲ್ಲ. ಎಪ್ಪತ್ತು ದಾಟಿದ, ನಾಲ್ಕನೆಯ ತರಗತಿ ಓದಿದ ಹೆಂಗಸು ಇಷ್ಟು ನಾಜೂಕಾಗಿ ಗೆರೆ ಎಳೆದದ್ದನ್ನು ಕಂಡು ನಾನು ಬೆರಗಾದೆ.

ಪಕ್ಕದ ಮನೆಗೂ ಹೇಳಬೇಕಿತ್ತು. ನಮಗೂ ಪಕ್ಕದ ಮನೆಯ ಆಪಾಗೂ ಇಪ್ಪತ್ತು ವರ್ಷದ ಬಟ್ಟಲು ವಿನಿಮಯ. ನಮ್ಮ ಹಬ್ಬದ ಸಿಹಿ ಅಲ್ಲಿಗೆ, ಅವರ ರಂಜಾನಿನ ಶೀರ್ ಕುರ್ಮಾ ಇಲ್ಲಿಗೆ. ಬಟ್ಟಲು ಯಾರದ್ದೆಂದು ಈಗ ಯಾರಿಗೂ ನೆನಪಿಲ್ಲ. ಗೋಡೆಯ ಮೇಲಿಂದ ಕರೆದು ವಿಷಯ ಹೇಳಿ, ಅವರ ಮನೆಯ ಎರಡು ಬಟ್ಟಲನ್ನೂ ಒಂದು ಡಬರಿಯನ್ನೂ ತೊಳೆದು ವಾಪಸು ಕೊಟ್ಟೆ. "ಈ ವಾರ ನಮ್ಮನೆಯಿಂದ ಏನೂ ಕಳಿಸೋದಿಲ್ಲ ಆಪಾ" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಹೇಳಿದ್ದು ಒಳ್ಳೇದಾಯ್ತು ಅಕ್ಕಾ. ನೀವು ಹೇಳ್ತೀರ ಅಂತ ಗೊತ್ತಿದ್ದಕ್ಕೇ ಇಷ್ಟು ವರ್ಷ ನಿಮ್ಮನೇದು ತಿಂದಿದ್ದು" ಎಂದರು. ಆ ಮಾತಿನಲ್ಲಿ ಹೊಗಳಿಕೆ ಎಷ್ಟಿತ್ತೋ ಎಚ್ಚರಿಕೆಯೂ ಅಷ್ಟೇ ಇತ್ತು. ಅವರ ಮೊಮ್ಮಕ್ಕಳನ್ನು ಆ ದಿನ ಹಿತ್ತಲಿಗೆ ಬಿಡಲಿಲ್ಲ. ಅದು ಅವರ ಹಕ್ಕು. ವಾರ ಕಳೆದ ಮೇಲೆ ಅವರ ಕಡೆಯಿಂದಲೇ ಮೊದಲ ಬಟ್ಟಲು ಬಂತು.

ಮಾಂಸಕ್ಕೆ ನಮ್ಮವರು ಸುಮಾರು 50 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋದರು. ಸೊರಬದಲ್ಲಿರುವ ನನ್ನ ತಮ್ಮ, "ಅಲ್ಲಿಗ್ಯಾಕೆ ಹೋಗ್ತೀರಿ ಭಾವ, ಮೆಕ್ಕೆಜೋಳದ ಹೊಲಕ್ಕೆ ದಿನಾ ರಾತ್ರಿ ಹಿಂಡು ಬರ್ತಾವೆ" ಎಂದ. ರೈತನ ಸಂಕಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಹಂದಿಗಳು ಮಲಗಿಸಿ ಹೋದ ಬೆಳೆಯನ್ನು ನಾನೂ ನೋಡಿದ್ದೇನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಹಂದಿಯನ್ನು ಹಾಗೆ ಬೇಟೆಯಾಡುವುದು ಅಪರಾಧ. ಮನೆಯ ಬಯಕೆಗೆ ಕಾನೂನು ಮುರಿಯುವುದು ಬೇಡವೆಂದೆವು. ಸ್ಟೀಲಿನ ಕ್ಯಾರಿಯರ್‌ನಲ್ಲಿ ಮಾಂಸ ತಂದ ಯಜಮಾನರು ಬಸ್ಸಿನಲ್ಲಿ ಅದನ್ನು ಕಾಲ ಬುಡದಲ್ಲಿಟ್ಟುಕೊಂಡು, ಪರಿಚಯದವರು ಕಂಡಾಗಲೆಲ್ಲ ಕಿಟಕಿಯಾಚೆ ನೋಡಿದರಂತೆ!

ಹಿತ್ತಲಲ್ಲಿ ಒಲೆ ಹೂಡಿದೆ. ಮಗಳು ಮಣೆ ಹಾಕಿಕೊಂಡು ಕೂತು ಹೇಳಿಕೊಡುತ್ತ ಹೋದಳು. ತುಂಡುಗಳಿಗೆ ಅರಿಸಿನ, ಉಪ್ಪು, ಖಾರದ ಪುಡಿ ಹಚ್ಚಿಡಬೇಕು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕರಿಬೇವಿನ ಜೊತೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಎಣ್ಣೆ ಬೇಕಿಲ್ಲ, ಮಾಂಸದ ಕೊಬ್ಬೇ ಕರಗಿ ಅದನ್ನು ಬೇಯಿಸುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆಯನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಪುಡಿ ಮಾಡಿ ಹಾಕಬೇಕು. ಕೊನೆಯಲ್ಲಿ ಕಾಚಂಪುಳಿ. ಆ ಕರಿಯ ಹುಳಿಯ ಸೀಸೆ ನೋಡಿ ಇದು ಯಾವ ಹಣ್ಣಿನದೆಂದು ಕೇಳಿದೆ. ವಿಚಾರಿಸಿದರೆ ಅದು ನಮ್ಮ ಮಲೆನಾಡಿನ ಉಪ್ಪಾಗೆಯೇ! ಸೊರಬ, ಸಾಗರ, ಸಿರಸಿಯ ಕಾಡುಗಳಲ್ಲಿ ಮಳೆಗಾಲದಲ್ಲಿ ಆರಿಸಿ, ಸಿಪ್ಪೆಯನ್ನು ಹೊಗೆಗೆ ಒಣಗಿಸುವ ಹಣ್ಣು. ಅದರ ಬೀಜದಿಂದ ತುಪ್ಪ ತೆಗೆಯುವವರೂ ಇದ್ದಾರೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಈ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂದು ಬೆಲೆ ಏರಿತ್ತು. ಕೊಡಗಿನವರು ಅದೇ ಹಣ್ಣಿನ ರಸವನ್ನು ಕುದಿಸಿ ಗಟ್ಟಿ ಮಾಡಿ, ಎಲ್ಲಕ್ಕಿಂತ ಕೊಬ್ಬಿನ ಮಾಂಸಕ್ಕೆ ಹಾಕುತ್ತಾರೆ. ಜೊತೆಗೆ ತಿನ್ನುವ ಕಡಂಬುಟ್ಟು ಅಂದರೆ ಅಕ್ಕಿ ತರಿಯ ಉಂಡೆ, ನಮ್ಮ ಕಡುಬಿನ ತಂಗಿ. ಒಂದೇ ಘಟ್ಟದ ಅಕ್ಕಿ, ಒಂದೇ ಹುಳಿ, ಒಂದೇ ಮೆಣಸು.

ನಾನು ರುಚಿ ನೋಡಲಿಲ್ಲ. ಉಪ್ಪು ಸರಿಯೇ ಎಂದು ಮಗಳೇ ನೋಡಿದಳು. ತಿನ್ನದಿದ್ದವಳು ಬೇಯಿಸಿದ್ದು ಬೂಟಾಟಿಕೆಯಲ್ಲವೇ ಎಂದು ಆಮೇಲೆ ಗೆಳತಿಯೊಬ್ಬಳು ಕೇಳಿದಳು. ನನಗನ್ನಿಸುವುದು ಇಷ್ಟು: ನಾನು ಹಂದಿ ತಿನ್ನದಿರುವುದು ಅಭ್ಯಾಸ, ಅದರಲ್ಲಿ ದೊಡ್ಡ ತತ್ವವೇನೂ ಇಲ್ಲ. ಕೋಳಿ ಕೊಯ್ಯುವ ಮನೆಯವಳು ಹಂದಿಯ ಮೇಲೆ ದಯೆಯಿಂದ ದೂರ ನಿಂತೆ ಎಂದರೆ ನಗೆಪಾಟಲು. ಅತ್ತೆಯವರ "ಬೇಡ"ದ ಹಿಂದೆ ಒಂದು ವ್ರತವಿದೆ. ಆಪಾ ಅವರ "ಬೇಡ"ದ ಹಿಂದೆ ಅವರ ಮತದ ಆಜ್ಞೆಯಿದೆ. ನನ್ನ "ಬೇಡ"ದ ಹಿಂದೆ ಏನಿದೆ ಎಂದು ಒಲೆಯ ಮುಂದೆ ಕೂತು ಹುಡುಕಿದಾಗ ಸಿಕ್ಕದ್ದು ಅಸಹ್ಯ. ಆ ಅಸಹ್ಯ ಎಲ್ಲಿಂದ ಬಂತು? ಚರಂಡಿಯಲ್ಲಿ ಹೊರಳುವ ಹಂದಿಯಿಂದ. ಚರಂಡಿ ತುಂಬಿಸಿದವರು ಯಾರು? ನಾವೇ. ಹಂದಿ ಸಾಕಿ ಬದುಕುವವರನ್ನು ಊರ ಅಂಚಿಗೆ ತಳ್ಳಿ, ನಮ್ಮ ಕೊಳೆಯನ್ನೂ ಅಲ್ಲಿಗೇ ಹರಿಸಿ, ಪ್ರಾಣಿಯನ್ನೂ ಸಾಕಿದವರನ್ನೂ ಒಂದೇ ಮೂಗಿನಿಂದ ಅಳೆದೆವು. ವ್ರತಕ್ಕೆ ಗೌರವ ಕೊಡಬೇಕು, ಆಜ್ಞೆಗೂ ಕೊಡಬೇಕು. ಈ ಅಸಹ್ಯಕ್ಕೆ ಮಾತ್ರ ಗೌರವ ಕೊಡಬೇಕೆಂದು ನನಗೆ ಅನ್ನಿಸುವುದಿಲ್ಲ.

ಆರೋಗ್ಯದ ಮಾತೂ ಇದೆ. ಹಂದಿ ಮಾಂಸದಿಂದ ಮಿದುಳಿಗೆ ಹುಳ ಹೋಗುತ್ತದೆ ಎಂದು ಎಲ್ಲರೂ ಹೇಳುವರು. ಬಸುರಿಯ ವಿಷಯವಾದ್ದರಿಂದ ಡಾಕ್ಟರನ್ನು ಕೇಳಿಯೇ ಮುಂದುವರಿದೆ. ಸರಿಯಾಗಿ ಬೇಯದ ಮಾಂಸ ತಿಂದರೆ ಲಾಡಿಹುಳು ಕರುಳಿನಲ್ಲಿ ಬೆಳೆಯುತ್ತದೆ, ಆದ್ದರಿಂದ ಚೆನ್ನಾಗಿ ಬೇಯಬೇಕು. ಮಿದುಳಿಗೆ ಹೋಗಿ ಮೂರ್ಛೆ ತರುವುದು ಬೇರೆ ದಾರಿಯಿಂದ. ಹುಳು ಇರುವ ಮನುಷ್ಯನ ಮಲದಲ್ಲಿ ಬಿದ್ದ ಮೊಟ್ಟೆಗಳು ತೊಳೆಯದ ಕೈ, ತೊಳೆಯದ ಸೊಪ್ಪು, ಕೊಳಕು ನೀರಿನ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದಾಗ ಹಾಗಾಗುತ್ತದೆ. ಮಾಂಸದ ವಾಸನೆಯನ್ನೇ ಕಾಣದವರಿಗೂ ಅದು ಬರಬಹುದು. ಇದನ್ನು ಕೇಳಿದ ಮೇಲೆ ಶುದ್ಧಿಯ ವಿಚಾರ ನನಗೆ ಬೇರೆಯಾಗಿ ಕಂಡಿತು. ನಾವು ಅಡಿಗೆಮನೆಯ ಹೊಸ್ತಿಲನ್ನು ಕಾಯುತ್ತಿದ್ದೇವೆ. ಅಪಾಯ ಬರುವುದು ಊರಿನ ಕಕ್ಕಸು, ಕೊಳಾಯಿ, ಚರಂಡಿಗಳ ಕಡೆಯಿಂದ.

ನಮ್ಮಲ್ಲಿ ಹಂದಿ ಬೇಯಿಸಬೇಡ ಎಂಬ ಒತ್ತಾಯ. ಬೇರೆಡೆ ಇದರ ತದ್ವಿರುದ್ಧದ ಒತ್ತಾಯವೂ ಇತ್ತು. ಸ್ಪೇನ್ ದೇಶದಲ್ಲಿ 1478ರಲ್ಲಿ ಮತವಿಚಾರಣೆಯ ನ್ಯಾಯಪೀಠ ಏರ್ಪಟ್ಟಿತು. 1492ರಲ್ಲಿ ಯಹೂದಿಗಳಿಗೆ ಮತಾಂತರವಾಗಿ, ಇಲ್ಲವೇ ದೇಶ ಬಿಡಿ ಎಂಬ ಆಜ್ಞೆಯಾಯಿತು. ಉಳಿದುಕೊಂಡು ಕ್ರೈಸ್ತರಾದವರ ಮೇಲೆ ಸಂಶಯದ ಕಣ್ಣು. ಹಂದಿ ತಿನ್ನದಿರುವುದು, ಹಂದಿ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡಿಗೆ ಮಾಡುವುದು ಹಳೆಯ ಮತವನ್ನು ಗುಟ್ಟಾಗಿ ಪಾಲಿಸುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗುತ್ತಿತ್ತು. ಅಡಿಗೆಮನೆಯ ವಾಸನೆ ಹಿಡಿದು ದೂರು ಕೊಡಲು ನೆರೆಯವರು, ಮನೆಯ ಆಳುಗಳು ಇದ್ದರು. ಆ ಕಾಲದ ಹೆಂಗಸರು ಒಲೆಯ ಮುಂದೆ ಹೇಗೆ ಕೂತಿದ್ದರೋ!

ಅದೇ ಸ್ಪೇನಿನವರು 1493ರ ಯಾನದಲ್ಲಿ ಹಂದಿಗಳನ್ನು ಹಡಗಿನಲ್ಲಿ ಅಮೆರಿಕದ ಕಡೆಗೆ ಒಯ್ದರು. ಮುಂದೆ ಅವು ದಕ್ಷಿಣದ ಈಕ್ವೆಡಾರ್ ಎಂಬ ಬೆಟ್ಟನಾಡಿಗೂ ಹೋದವು. ಈಗ ಅಲ್ಲಿನ ಬೆಟ್ಟದ ಮನೆಗಳಲ್ಲಿ ಫ್ರಿತಾದ ಎಂಬುದು ಹಬ್ಬ, ಭಾನುವಾರಗಳ ಅಡಿಗೆ. ಹಂದಿಯ ತುಂಡುಗಳನ್ನು ಬೆಳ್ಳುಳ್ಳಿ, ಜೀರಿಗೆ, ಈರುಳ್ಳಿ, ಉಪ್ಪಿನ ಜೊತೆ ಅಗಲ ಬಾಣಲೆಯಲ್ಲಿ ನೀರಿಟ್ಟು ಬೇಯಿಸುತ್ತಾರೆ. ನೀರು ಇಂಗಿದ ಮೇಲೆ ತನ್ನದೇ ಕೊಬ್ಬಿನಲ್ಲಿ ಅದು ಕೆಂಪಗೆ ಹುರಿಯುತ್ತದೆ. ಜೊತೆಗೆ ಬೇಯಿಸಿದ ಮೆಕ್ಕೆಜೋಳ, ಆಲೂಗೆಡ್ಡೆ, ಕರಿದ ಬಾಳೆಹಣ್ಣು. ಇದನ್ನು ಓದಿದಾಗ ನನಗೆ ಹಿತ್ತಲ ಒಲೆಯೇ ಕಣ್ಣಿಗೆ ಬಂತು. ಹಂದಿ ಅವರಿಗೆ ಹೊರಗಿನಿಂದ ಬಂದದ್ದು. ಅವರ ಕಡೆಯ ಮೆಕ್ಕೆಜೋಳ, ಮೆಣಸಿನಕಾಯಿ, ಆಲೂಗೆಡ್ಡೆ ನಮಗೆ ಹೊರಗಿನಿಂದ ಬಂದದ್ದು. ಇಂದು ಶಿಕಾರಿಪುರ, ಸೊರಬದ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಅದೇ ಜೋಳ. ಇದು ನಮ್ಮದು, ಅದು ನಮ್ಮದಲ್ಲ ಎಂದು ತಟ್ಟೆಯ ಮುಂದೆ ಕೂತು ತೀರ್ಮಾನ ಕೊಡುವುದು ಅಷ್ಟು ಸುಲಭವಲ್ಲ.

ಬಲವಂತವಾಗಿ ತಿನ್ನಿಸುವ ರಾಜ್ಯಕ್ಕೂ, "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬಾಡಿಗೆ ಮನೆಗೆ ಬೋರ್ಡು ಹಾಕುವ ನಮ್ಮ ಬೀದಿಗೂ ಅಳತೆಯಲ್ಲಿ ಅಜಗಜಾಂತರವಿದೆ. ಒಂದರಲ್ಲಿ ಪ್ರಾಣಭಯ, ಇನ್ನೊಂದರಲ್ಲಿ ಮನೆ ಸಿಕ್ಕದ ಕಷ್ಟ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಆದರೆ ಎರಡೂ ಕಡೆ ಅಡಿಗೆಮನೆ ಸಾಕ್ಷಿಕಟ್ಟೆಯಾಗುತ್ತದೆ, ಅಲ್ಲಿ ನಿಲ್ಲುವವಳು ಹೆಂಗಸು. ನಿಯಮ ಮಾಡುವವರು ಬೇರೆ, ಅದನ್ನು ಪಾತ್ರೆ ತೊಳೆದು ಪಾಲಿಸುವವಳು ಬೇರೆ. ಹಾಗಿರುವಾಗ ನಿಯಮದ ವಿಚಾರದಲ್ಲಿ ನಮಗೂ ಒಂದು ಮಾತಿರಬೇಕು.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠ ಎಂಬುದಿತ್ತು. 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ದೀನರಿಗೆ, ಅನಾಥರಿಗೆ, ಕುಂಟರು, ಕುರುಡರು, ಕಿವುಡರಿಗೆ, ಹಾಡುವವರು, ಕುಣಿಯುವವರಿಗೆ, ಬೇರೆ ಬೇರೆ ಮತಗಳ ಸನ್ಯಾಸಿಗಳಿಗೆ ಅಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು. ಅದೇ ಶಾಸನ ಆ ಸ್ಥಳವನ್ನು ಸಕಲ ಜೀವಿಗಳಿಗೂ ಅಭಯದ ತಾಣವೆಂದು ಹೇಳುತ್ತದೆ. ನಮ್ಮ ನೆರೆಯ ಊರಿನ ಈ ಕಲ್ಲಿನ ಮುಂದೆ ನನ್ನ ಹಿತ್ತಲ ಒಲೆಯನ್ನು ಇಟ್ಟು ನೋಡಿದರೆ, ಮೊದಲ ಭಾಗಕ್ಕೆ ನಾನು ಉತ್ತರ ಕೊಡಬಲ್ಲೆ: ಹಸಿದವಳು ಕೇಳಿದ್ದನ್ನು ಬಡಿಸಿದೆ, ಬೇರೆಯವರ ನಂಬಿಕೆಗೆ ಮೋಸ ಮಾಡಲಿಲ್ಲ. ಎರಡನೆಯ ಭಾಗಕ್ಕೆ ಉತ್ತರವಿಲ್ಲ. ಆ ಹಂದಿಗೆ ಅಭಯ ಸಿಗಲಿಲ್ಲ. ನಾವು ತಿನ್ನುವ ಕೋಳಿಗೂ ಸಿಗುವುದಿಲ್ಲ. ಮಾಂಸ ಬಿಟ್ಟವರು ಈ ಒಂದು ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟುಕೊಂಡೇ ಇರಲಿ. ಬಾಯಿಂದ ಬಯ್ಯದೆ, ಅತ್ತೆಯವರ ಹಾಗೆ ಬೇರೆ ಪಾತ್ರೆಯಲ್ಲಿ ಅನ್ನ ಇಟ್ಟುಕೊಳ್ಳುವುದರಿಂದಲೇ ಅವರು ಅದನ್ನು ಕೇಳುತ್ತಿರುತ್ತಾರೆ. ಉತ್ತರ ಹೇಳಬೇಕಾದವರು ತಿನ್ನುವ ನಾವು.

ಇದರಿಂದ ನಾನು ನನಗಾಗಿ ಮಾಡಿಕೊಂಡ ನಿಯಮ ಬಹಳ ಚಿಕ್ಕದು. ಒಬ್ಬರ ಬಾಯಿಗೆ ಏನು ಹೋಗಬೇಕೆಂಬುದು ಅವರ ತೀರ್ಮಾನ. ಅವರಿಗೆ ತಿಳಿಯದ ಹಾಗೆ ಏನನ್ನೂ ಒಳಗೆ ಹೋಗಿಸಬಾರದು, ಅವರ ಕೈಯಿಂದ ಕಿತ್ತುಕೊಳ್ಳಲೂಬಾರದು. ಬಡಿಸುವವಳು ಏನು ಬೇಯಿಸಿದ್ದೇನೆಂದು ಹೇಳಬೇಕು, ಹೇಳಲು ನಾಚುವಂತಿರಬಾರದು. ಮನೆಯಲ್ಲಿ ಎರಡು ಒಲೆ ಬೇಕಾದರೆ ಇರಲಿ, ಎರಡು ನಾಲಿಗೆ ಬೇಡ.

ಮಗಳು ಅಂದು ನಾಲ್ಕು ಕಡಂಬುಟ್ಟು ತಿಂದಳು. ರಾತ್ರಿ ಅತ್ತೆಯವರು ಬಂದವರು ಬಾಗಿಲಲ್ಲೇ ನಿಂತು ಮೊದಲು ಕೇಳಿದ್ದು, "ಹೊಟ್ಟೆ ತುಂಬ ತಿಂದ್ಲಾ?" ಎಂದು. ಆಮೇಲೆ ಕಾಲು ತೊಳೆದುಕೊಂಡು ಹೋಗಿ ದೀಪ ಹಚ್ಚಿದರು.